ಗೆಳೆಯನಿಗೊಂದು ಪತ್ರ: ಹಿಮದ ದಾರಿಯಲ್ಲಿ ಅಪ್ಪಯ್ಯ

ಟ್ರಾಯ್, ಮಿಶಿಗನ್

ಪ್ರಿಯ ಗೆಳೆಯ,

ನಿನ್ನ ಪತ್ರ ಬಂದು ಹತ್ತು ದಿನಗಳಾದವು. ಮಗನಿಗೆ ಮಿಶಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಆಗಸ್ಟ್ ತಿಂಗಳಲ್ಲಿ ಹೊರಡುತ್ತಾನೆ ಎಂದು ಓದಿ ನಮ್ಮ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಆದರೆ ಪತ್ರದ ಅರ್ಧ ಭಾಗವನ್ನು ನೀನು ಹಿಮದ ಭಯಕ್ಕೇ ಮೀಸಲಿಟ್ಟಿರುವೆ. ಅಷ್ಟು ಹಿಮ ಬೀಳುವ ಊರಿನಲ್ಲಿ ಹುಡುಗ ಹೇಗಿರುತ್ತಾನೆ, ಅದರ ಮೇಲೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುತ್ತೇನೆ ಎನ್ನುತ್ತಿದ್ದಾನೆ, ನೀನೇ ಏನಾದರೂ ಬುದ್ಧಿ ಹೇಳು ಎಂದಿರುವೆ. ಫೋನಿನಲ್ಲಿ ಎರಡು ಮಾತಿನ ಧೈರ್ಯ ಹೇಳಿ ಮುಗಿಸಬಹುದಿತ್ತು. ಆದರೆ ಆ ಊರಿಗೆ ಚಳಿಗಾಲದಲ್ಲಿ ನಾನು ಮೊದಲ ಸಲ ಹೋದದ್ದು ಅಪ್ಪಯ್ಯನ ಜೊತೆ, ಮತ್ತು ಆ ಪ್ರಯಾಣದ ಸಂಗತಿಯನ್ನು ನಿನಗೆ ನಾನು ಎಂದೂ ಸರಿಯಾಗಿ ಹೇಳಿಲ್ಲ. ಅಪ್ಪಯ್ಯ ತೀರ್ಥಹಳ್ಳಿಗೆ ಮರಳಿದ ಮೇಲೆ ನಿನ್ನ ಹತ್ತಿರ ಏನು ಹೇಳಿದರೋ ತಿಳಿಯದು. ನನ್ನ ಮರ್ಯಾದೆ ಉಳಿಸಿಯೇ ಹೇಳಿರುತ್ತಾರೆ.

ಅಪ್ಪಯ್ಯ ಮತ್ತು ಅಮ್ಮ ಇಲ್ಲಿಗೆ ಬಂದದ್ದು 2013ರ ಡಿಸೆಂಬರ್ ತಿಂಗಳಲ್ಲಿ. ಬೇಸಿಗೆಯಲ್ಲಿ ಬನ್ನಿ ಎಂದು ನಾನು ಎಷ್ಟು ಹೇಳಿದರೂ ಕೇಳದೆ, ಅಡಿಕೆ ಕೊಯ್ಲಿನ ಗಡಿಬಿಡಿಯನ್ನು ಅಣ್ಣನ ಹೆಗಲಿಗೆ ಹಾಕಿ, ‘ಹಿಮ ನೋಡುವುದಕ್ಕೇ ಬರುವವರು ಹಿಮ ಇಲ್ಲದಾಗ ಬಂದು ಏನು ಮಾಡುವುದು’ ಎಂದು ಹೊರಟು ಬಂದಿದ್ದರು. ನೋಡುವ ಆಸೆಯೇನೋ ಬಡ್ಡಿಸಮೇತ ತೀರಿತು. ಡೆಟ್ರಾಯಿಟ್ ಪ್ರದೇಶದಲ್ಲಿ ಆ ಚಳಿಗಾಲ ಒಟ್ಟು 94.9 ಇಂಚು ಹಿಮ ಬಿದ್ದು, 1880-81ರಿಂದ ಉಳಿದುಕೊಂಡಿದ್ದ ದಾಖಲೆ ಮುರಿಯಿತು. ಜನವರಿ ಮೊದಲ ವಾರದಲ್ಲಿ ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿದು, ಶಾಲೆಗಳು ಮುಚ್ಚಿ, ನನ್ನ ಒಂಬತ್ತು ವರ್ಷದ ಮಗಳು ಅಜ್ಜನ ಮಗ್ಗುಲಲ್ಲಿ ಕೂತು ಪಗಡೆ ಕಲಿತಳು. ಮೊದಲ ಹಿಮ ಬಿದ್ದ ದಿನ ಎಲ್ಲರೂ ಅಂಗಳಕ್ಕಿಳಿದು ಫೋಟೊ ತೆಗೆಸಿಕೊಂಡೆವು. ಎರಡನೆಯ ವಾರದ ಹೊತ್ತಿಗೆ ಸಲಿಕೆಯಲ್ಲಿ ಹಿಮ ಎತ್ತಿ ಎತ್ತಿ ನನ್ನ ಸೊಂಟ ಹಿಡಿದಿತ್ತು. ಕ್ಯಾಲೆಂಡರಿನ ಚಿತ್ರಗಳಲ್ಲಿ ಈ ಸೊಂಟದ ವಿಷಯ ಇರುವುದಿಲ್ಲ.

ಅಪ್ಪಯ್ಯನಿಗೆ ಹಿಮಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ರಸ್ತೆಗೆ ಸುರಿಯುವ ಉಪ್ಪು. ಬೆಳಗಿನ ಜಾವ ದೊಡ್ಡ ಪ್ಲೋ ಲಾರಿಗಳು ಮುಂದಿನ ಅಲಗಿನಿಂದ ಹಿಮವನ್ನು ಬದಿಗೆ ತಳ್ಳುತ್ತ, ಹಿಂದಿನಿಂದ ಉಪ್ಪನ್ನು ಬೀಜದಂತೆ ಬಿತ್ತುತ್ತ ಹೋಗುವುದನ್ನು ಅವರು ಕಿಟಕಿಯ ಬಳಿ ನಿಂತು ನೋಡುತ್ತಿದ್ದರು. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗಿಂತಲೂ ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯೊಂದಿದೆ ಎಂದು ನಾನು ಹೇಳಿದಾಗ ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ, ‘ನಮ್ಮ ಸಾಣಿಕಟ್ಟೆಯವರು ಸಮುದ್ರದ ನೀರು ಒಣಗಿಸಿ ಬಿಸಿಲಲ್ಲಿ ಬೇಯುತ್ತಾರೆ, ಇವರು ಪಾತಾಳದಿಂದ ತೆಗೆದು ದಾರಿಗೆ ಚೆಲ್ಲುತ್ತಾರೆ’ ಎಂದು ಅಮ್ಮನಿಗೆ ವರದಿ ಒಪ್ಪಿಸಿದರು. ಉಪ್ಪಿಗೂ ಒಂದು ಮಿತಿ ಇದೆ. ಸುಮಾರು ಮೈನಸ್ ಒಂಬತ್ತು ಡಿಗ್ರಿಗಿಂತ ಕೆಳಗೆ ಚಳಿ ಇಳಿದರೆ ಅದು ಮಂಜುಗಡ್ಡೆಯನ್ನು ಕರಗಿಸುವುದು ತೀರಾ ನಿಧಾನವಾಗುತ್ತದೆ, ಆದ್ದರಿಂದ ನಿನ್ನ ಮಗ ಹೋಗುವ ಉತ್ತರದ ಕಡೆ ಮರಳನ್ನೂ ಎರಚುತ್ತಾರೆ. ಅವನು ಕೊಳ್ಳುವ ಹಳೆಯ ಕಾರಿನ ತಳಭಾಗವನ್ನು ಬಗ್ಗಿ ನೋಡಲಿಕ್ಕೆ ಹೇಳು. ಈ ಉಪ್ಪು ನಾಲ್ಕು ಚಳಿಗಾಲದಲ್ಲಿ ಕಬ್ಬಿಣವನ್ನು ಹಪ್ಪಳ ಮಾಡಿಬಿಡುತ್ತದೆ.

ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಆಗ, ಈಗ ನಿನ್ನ ಮಗ ಹೋಗಲಿರುವ ಅದೇ ಹೋಟನ್ ಊರಿನಲ್ಲಿ ಎಂ.ಎಸ್. ಓದುತ್ತಿದ್ದ. ಅಲ್ಲಿ 1922ರಿಂದ ನಡೆಯುತ್ತ ಬಂದಿರುವ ಚಳಿಗಾಲದ ಉತ್ಸವಕ್ಕೆ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ದುಡಿದು ಮನೆಯೆತ್ತರದ ಹಿಮದ ಶಿಲ್ಪಗಳನ್ನು ಕಟ್ಟುತ್ತಾರೆ, ಅತ್ತೆ ಮಾವನನ್ನು ಕರೆದುಕೊಂಡು ಬನ್ನಿ ಎಂದು ಅವನ ಒತ್ತಾಯ. ಫೆಬ್ರವರಿಯ ಆರಂಭದ ಒಂದು ನಸುಕಿನಲ್ಲಿ ಐದೂ ಜನ ಹೊರಟೆವು. ಟ್ರಾಯ್‌ನಿಂದ ಹೋಟನ್‌ಗೆ ಸುಮಾರು 860 ಕಿಲೋಮೀಟರ್. ಒಂದೇ ರಾಜ್ಯದೊಳಗಿನ ಪ್ರಯಾಣ ಎಂದರೆ ನೀನು ನಂಬುವುದಿಲ್ಲ. ಹೊರಡುವಾಗ ಅಪ್ಪಯ್ಯ ಊರಿನಿಂದ ತಂದಿದ್ದ ಎರಡು ಕರಿ ಕಂಬಳಿಗಳನ್ನು ಡಿಕ್ಕಿಗೆ ತುಂಬಲು ಬಂದರು. ಕಾರಿನಲ್ಲಿ ಹೀಟರ್ ಇದೆ, ಸೀಟು ಕೂಡ ಬಿಸಿಯಾಗುತ್ತದೆ, ಈ ಕಂಬಳಿಯ ಕಂಪಿಗೆ ಮಗಳು ಮೂಗು ಮುಚ್ಚಿಕೊಳ್ಳುತ್ತಾಳೆ ಎಂದು ನಾನು ಸಿಡುಕಿದೆ. ಜಾಗ ಮಾಡುವುದಕ್ಕಾಗಿ ಡಿಕ್ಕಿಯಲ್ಲಿದ್ದ ಹಿಮದ ಸಲಿಕೆಯನ್ನು ತೆಗೆದು ಗ್ಯಾರೇಜಿನ ಗೋಡೆಗೆ ಒರಗಿಸಿದವನೂ ನಾನೇ. ಕಂಬಳಿ ಮಾತ್ರ ಹೇಗೋ ಒಳಗೆ ಸೇರಿಕೊಂಡಿತು. ಅಮ್ಮ ಅದನ್ನು ತನ್ನ ಕಾಲಬುಡದಲ್ಲಿಟ್ಟುಕೊಂಡಿದ್ದಳು.

ಅಪ್ಪಯ್ಯ ಮುಂದಿನ ಸೀಟಿನಲ್ಲಿ ಕೂತರು. ನಿನಗೆ ಗೊತ್ತಲ್ಲ, ಮೂವತ್ತು ವರ್ಷಕ್ಕೂ ಮಿಕ್ಕಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಮಿನಿ ಬಸ್ಸು ಇಳಿಸಿ ಹತ್ತಿಸಿದ ಮನುಷ್ಯ. ನಾವಿಬ್ಬರೂ ಶನಿವಾರದ ಮಧ್ಯಾಹ್ನ ಎಂಜಿನ್ ಪೆಟ್ಟಿಗೆಯ ಮೇಲೆ ಕೂತು, ತೊಡೆ ಸುಟ್ಟುಕೊಳ್ಳುತ್ತ, ಸೋಮೇಶ್ವರದವರೆಗೆ ಹೋಗಿ ಬರುತ್ತಿದ್ದ ದಿನಗಳಲ್ಲಿ ಅವರು ಸ್ಟೀರಿಂಗ್ ಹಿಡಿದಾಗ ಮಾತಾಡಿದ್ದನ್ನು ನಾವು ಕೇಳಿದ್ದೇ ಇಲ್ಲ. ಬೇರೆಯವರ ಪಕ್ಕದಲ್ಲಿ ಕೂತಾಗಲೂ ಅವರದು ಅದೇ ನಿಯಮ. ಅವರ ಬಲಗಾಲು ಮಾತ್ರ, ಇಲ್ಲದ ಬ್ರೇಕಿನ ಮೇಲೆ, ಆಗಾಗ ಒತ್ತಿಕೊಳ್ಳುತ್ತಿತ್ತು. ನಾನು ಅದನ್ನು ಕಂಡೂ ಕಾಣದವನಂತೆ ಇದ್ದೆ.

ಮಧ್ಯಾಹ್ನದ ಹೊತ್ತಿಗೆ ಮ್ಯಾಕಿನಾ ಸೇತುವೆಗೆ ಬಂದೆವು. ಮಿಶಿಗನ್ ರಾಜ್ಯ ಎರಡು ತುಂಡಾಗಿ ನೀರಿನ ಆಚೀಚೆ ಬಿದ್ದಿದೆ. 1957ರಲ್ಲಿ ಈ ಸೇತುವೆ ತೆರೆಯುವವರೆಗೆ ಕಾರುಗಳನ್ನು ದೊಡ್ಡ ದೋಣಿಗಳಲ್ಲಿ ದಾಟಿಸುತ್ತಿದ್ದರು. ಸುಮಾರು ಎಂಟು ಕಿಲೋಮೀಟರ್ ಉದ್ದ, ನಟ್ಟನಡುವೆ ನೀರಿನಿಂದ ಇನ್ನೂರು ಅಡಿ ಎತ್ತರ, ಎರಡು ಗೋಪುರಗಳ ನಡುವೆ ಉಕ್ಕಿನ ಹಗ್ಗಗಳಿಂದ ತೂಗುಬಿಟ್ಟ ರಸ್ತೆ. ಅದರ ಒಳಗಿನ ಸಾಲುಗಳಲ್ಲಿ ಡಾಂಬರಿಲ್ಲ, ಬರೀ ಉಕ್ಕಿನ ಜಾಲರಿ. ಚಕ್ರಗಳು ಜೇನುಗೂಡಿನಂತೆ ಗುಂಯ್‌ಗುಡುತ್ತವೆ. ಗಾಳಿ ಜೋರಾದಾಗ ವಾಹನಗಳನ್ನು ನಿಧಾನಗೊಳಿಸುತ್ತಾರೆ, ಹಗ್ಗಗಳಿಂದ ಮಂಜುಗಡ್ಡೆಯ ತುಂಡುಗಳು ಉದುರುವಾಗ ಪೂರ್ತಿ ಮುಚ್ಚಿಬಿಡುತ್ತಾರೆ, ದಾಟಲು ಭಯಪಡುವವರ ಕಾರನ್ನು ಸೇತುವೆಯ ಸಿಬ್ಬಂದಿಯೇ ಓಡಿಸಿಕೊಡುವ ವ್ಯವಸ್ಥೆಯೂ ಇದೆ. ಇದನ್ನು ಹೇಳಿದಾಗ ಅಪ್ಪಯ್ಯ, ಆ ಕೆಲಸ ನನಗೆ ಕೊಡಿಸುತ್ತೀಯಾ ಎಂದು ಕೇಳಿ ನಕ್ಕರು. ಆ ದಿನ ಅವರ ಬಾಯಿಂದ ಬಂದ ಮೊದಲ ಮಾತು ಅದು. ಕೆಳಗೆ ಎತ್ತ ನೋಡಿದರೂ ನೀರಿರಲಿಲ್ಲ. ಆ ವರ್ಷ ಐದು ಮಹಾ ಸರೋವರಗಳ ಮೇಲ್ಮೈಯಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಮಾರ್ಚ್ ಹೊತ್ತಿಗೆ ಹೆಪ್ಪುಗಟ್ಟಿತ್ತು. ನೀರು ಹೀಗೆ ಗಟ್ಟಿಯಾದ ವರ್ಷಗಳಲ್ಲಿ ಪಕ್ಕದ ಮ್ಯಾಕಿನಾ ದ್ವೀಪದವರು ಕ್ರಿಸ್‌ಮಸ್ ಮುಗಿದ ಮೇಲೆ ಎಸೆದ ಮರಗಳನ್ನು ಮಂಜುಗಡ್ಡೆಯಲ್ಲಿ ಸಾಲಾಗಿ ನೆಟ್ಟು ದಾರಿ ಗುರುತು ಮಾಡಿಕೊಂಡು, ಹಿಮದ ಮೇಲೆ ಓಡುವ ಬೈಕುಗಳಲ್ಲಿ ಈಚೆ ದಡಕ್ಕೆ ಬಂದು ಹೋಗುತ್ತಾರೆ. ಅಮ್ಮ ಇದನ್ನು ಕೇಳಿ, ಮಳೆಗಾಲದಲ್ಲಿ ತುಂಗೆ ತುಂಬಿದಾಗ ದೋಣಿಯವನ ದಾರಿ ಕಾಯುತ್ತ ಅರ್ಧ ದಿನ ಕೂತ ಕಥೆಯನ್ನು ಮೊಮ್ಮಗಳಿಗೆ ಹೇಳತೊಡಗಿದಳು.

ಸೇತುವೆ ದಾಟಿ ಪಶ್ಚಿಮಕ್ಕೆ ತಿರುಗಿ, ಸೀನಿ ಎಂಬ ಪುಟ್ಟ ಊರು ಮುಟ್ಟುವ ಹೊತ್ತಿಗೆ ಬೆಳಕು ಇಳಿಯತೊಡಗಿತ್ತು. ಅಲ್ಲಿಂದ ಶಿಂಗಲ್‌ಟನ್‌ವರೆಗೆ ಸುಮಾರು 40 ಕಿಲೋಮೀಟರ್ ದಾರಿ ಗೆರೆ ಎಳೆದಂತೆ ನೇರ. ಒಂದು ತಿರುವಿಲ್ಲ, ಒಂದು ದಿಣ್ಣೆಯಿಲ್ಲ, ಎರಡೂ ಕಡೆ ಜೌಗು ನೆಲ. ಇಷ್ಟು ಸಸಾರದ ರಸ್ತೆಯನ್ನು ಅಪ್ಪಯ್ಯನ ಪಕ್ಕದಲ್ಲಿ ಓಡಿಸಲು ನಾಚಿಕೆಯಾಗಬೇಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡದ್ದು ಚೆನ್ನಾಗಿ ನೆನಪಿದೆ. ಏಳೆಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ಬಡಗಣ ಗಾಳಿ ಎದ್ದಿತು. ಮೇಲಿನಿಂದ ಬೀಳುತ್ತಿದ್ದ ಹಿಮಕ್ಕಿಂತ, ನೆಲದ ಮೇಲೆ ಹಗುರವಾಗಿ ಬಿದ್ದುಕೊಂಡಿದ್ದ ಹಿಮವನ್ನು ಗಾಳಿ ಎಬ್ಬಿಸಿ ರಸ್ತೆಗೆ ಅಡ್ಡಲಾಗಿ ತೂರುತ್ತಿದ್ದದ್ದೇ ಹೆಚ್ಚು. ಎರಡು ನಿಮಿಷದಲ್ಲಿ ರಸ್ತೆ, ಆಕಾಶ, ಕಾರಿನ ಮೂತಿ ಎಲ್ಲವೂ ಒಂದೇ ಬಿಳಿಯಾಗಿ ಹೋದವು. ಆಗುಂಬೆಯ ಶ್ರಾವಣದ ಮಂಜನ್ನು ನೆನಪಿಸಿಕೋ. ಆ ಮಂಜು ನಿಂತಿರುತ್ತದೆ. ಇದು ಓಡುತ್ತಿರುತ್ತದೆ, ಅದರ ಓಟವನ್ನು ನೋಡುತ್ತ ನೋಡುತ್ತ ನಮ್ಮ ಕಾರು ನಿಂತಿದೆಯೋ ಚಲಿಸುತ್ತಿದೆಯೋ ಎಂಬುದೇ ತಿಳಿಯದಂತಾಗುತ್ತದೆ.

ನಾನು ಗಾಬರಿಯಲ್ಲಿ ದೀಪವನ್ನು ಹೈ ಬೀಮಿಗೆ ಏರಿಸಿದೆ. ಎದುರಿಗೆ ಗೋಡೆಯೇ ಎದ್ದು ನಿಂತಂತಾಯಿತು. ಆಗ ಅಪ್ಪಯ್ಯ, ಏನೂ ಆಗದವರ ದನಿಯಲ್ಲಿ, ‘ದೀಪ ಇಳಿಸು. ಎದುರು ನೋಡಬೇಡ, ನಿನ್ನ ಬದಿಯ ಅಂಚು ನೋಡು. ಬ್ರೇಕ್ ಮುಟ್ಟಬೇಡ ಮಾರಾಯ, ಕಾಲು ತೆಗೆ ಸಾಕು’ ಎಂದರು. ಘಾಟಿಯ ಮಂಜಿನಲ್ಲಿ ಎಡ ಅಂಚು ಹಿಡಿದು ಹೋದವರಿಗೆ ಇಲ್ಲಿ ಬಲ ಅಂಚು ಎಂದು ಲೆಕ್ಕ ಬದಲಿಸಿಕೊಳ್ಳಲು ಒಂದು ಕ್ಷಣವೂ ಬೇಕಾಗಿರಲಿಲ್ಲ. ನಾನು ದೀಪ ಇಳಿಸಿದೆ, ಅಂಚು ನೋಡಿದೆ, ಕಾಲೂ ತೆಗೆದೆ. ಅಷ್ಟರಲ್ಲಿ ಎದುರಿನಿಂದ ಎರಡು ಮಸುಕು ದೀಪಗಳು ಕಂಡವು. ಹೇಳಿದ ಮೂರು ಮಾತಿನಲ್ಲಿ ಮೂರನೆಯದನ್ನು ಮರೆತು ಬ್ರೇಕನ್ನು ಬಲವಾಗಿ ಒತ್ತಿಬಿಟ್ಟೆ. ಕಾರು ನಿಲ್ಲಲಿಲ್ಲ. ಹಿಂಭಾಗ ಮೆಲ್ಲಗೆ, ಯಾರೋ ಬಾಗಿಲು ತೆರೆದಂತೆ, ಒಂದು ಕಡೆಗೆ ತಿರುಗಿತು, ಮುಂಭಾಗ ರಸ್ತೆಬದಿಯ ಹಿಮದ ರಾಶಿಗೆ ಹೊಕ್ಕಿತು. ಸದ್ದೇ ಆಗಲಿಲ್ಲ, ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಎದುರಿನ ಲಾರಿ ತನ್ನ ಪಾಡಿಗೆ ತಾನು ಹೋಯಿತು.

ಯಾರಿಗೂ ಏನೂ ಆಗಿರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಸಲಿಕೆ ಗ್ಯಾರೇಜಿನ ಗೋಡೆಗೆ ಒರಗಿಕೊಂಡಿತ್ತು. ಹೀಟರ್ ಉರಿಯಲೆಂದು ನಾನು ಎಂಜಿನ್ ಚಾಲೂ ಇಟ್ಟಿದ್ದೆ. ಅಪ್ಪಯ್ಯ ಅದನ್ನು ಆರಿಸಲು ಹೇಳಿ, ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಕೆಳಗಿಳಿದರು. ನಮ್ಮೂರ ಗದ್ದೆಯ ಬದುವಿನ ಮೇಲೆ ಆಷಾಢದಲ್ಲಿ ಕಾಣುತ್ತಿದ್ದ ಆಕೃತಿ ಮಿಶಿಗನ್ನಿನ ಹೆದ್ದಾರಿಯಲ್ಲಿ ಹಿಮದೊಳಗೆ ನಡೆದು ಹೋದದ್ದನ್ನು ನನ್ನ ಮಗಳು ಇವತ್ತಿಗೂ ಬಣ್ಣಿಸುತ್ತಾಳೆ. ಕಾರಿನ ಹಿಂದೆ ಹೊಗೆಕೊಳವೆ ಹಿಮದಲ್ಲಿ ಮುಚ್ಚಿಹೋಗಿತ್ತು. ಅಮ್ಮ ಅವಲಕ್ಕಿಗೆಂದು ಕಟ್ಟಿಕೊಂಡಿದ್ದ ಸ್ಟೀಲ್ ತಟ್ಟೆಯಲ್ಲಿ ಅದರ ಸುತ್ತಲ ಹಿಮ ಕೆರೆದು ತೆಗೆದ ಮೇಲೆಯೇ ಅವರು ಎಂಜಿನ್ ಹಚ್ಚಲು ಬಿಟ್ಟರು, ಅದೂ ಗಂಟೆಗೆ ಹತ್ತು ನಿಮಿಷ. ಹೊಗೆ ಹೊರಹೋಗಲು ದಾರಿಯಿಲ್ಲದಿದ್ದರೆ ವಾಸನೆಯೂ ಇಲ್ಲದ ವಿಷಾನಿಲ ಕಾರಿನೊಳಕ್ಕೆ ತಿರುಗುತ್ತದೆ ಎಂಬುದನ್ನು ಇಲ್ಲಿ ಹತ್ತು ವರ್ಷ ಕಾರು ಓಡಿಸಿದ್ದ ನಾನು ಓದಿ ತಿಳಿದಿದ್ದೆ, ಬೇಕಾದಾಗ ನೆನಪಾಗಲಿಲ್ಲ. ಹಿಮವನ್ನೇ ನೋಡದಿದ್ದವರಿಗೆ ಹೇಗೆ ಹೊಳೆಯಿತು ಎಂದು ಆಮೇಲೆ ಕೇಳಿದರೆ, ಹೊಳೆಯ ನೀರಿನಲ್ಲಿ ಸೈಲೆನ್ಸರ್ ಮುಳುಗಿದ ಬಸ್ಸುಗಳನ್ನು ನಾನು ಎಷ್ಟು ನೋಡಿಲ್ಲ ಎಂದರು.

ಒಂದೂವರೆ ಗಂಟೆ ಹಾಗೆ ಕೂತೆವು. ಹಿಂದಿನ ಸೀಟಿನಲ್ಲಿ ಮೂವರು ಒಂದು ಕಂಬಳಿಯೊಳಗೆ, ಮುಂದೆ ನಾವಿಬ್ಬರು ಇನ್ನೊಂದರೊಳಗೆ. ಕಂಪಿನ ಬಗ್ಗೆ ಯಾರೂ ಮಾತೆತ್ತಲಿಲ್ಲ. ಆಮೇಲೆ ಪಿಕಪ್ ಗಾಡಿಯ ಮುದುಕನೊಬ್ಬ ನಿಲ್ಲಿಸಿ, ತನ್ನ ಬಳಿಯಿದ್ದ ಪಟ್ಟಿಯನ್ನು ನಮ್ಮ ಕಾರಿಗೆ ಬಿಗಿದು, ಐದೇ ನಿಮಿಷದಲ್ಲಿ ರಸ್ತೆಗೆಳೆದ. ಸಲಿಕೆಯಿಲ್ಲದೆ ಇಲ್ಲಿಗೆ ಬಂದಿರಾ ಎಂದು ಕೇಳಿದ. ಹಣ ಮುಟ್ಟಲಿಲ್ಲ, ಅಮ್ಮ ಕೊಟ್ಟ ಕೋಡುಬಳೆಯ ಪೊಟ್ಟಣವನ್ನು ಮಾತ್ರ ತೆಗೆದುಕೊಂಡ. ಅಷ್ಟರಲ್ಲಿ ಹಳದಿ ದೀಪ ಮಿಣುಕಿಸುತ್ತ ಪ್ಲೋ ಲಾರಿ ಬಂತು; ಅದನ್ನು ಮುಂದೆ ಬಿಟ್ಟು, ಸಾಕಷ್ಟು ದೂರ ಉಳಿಸಿಕೊಂಡು, ಅದರ ಬೆನ್ನಿಗೇ ಹೋಗಿ ಮ್ಯುನಿಸಿಂಗ್ ಊರಿನ ಮೋಟೆಲ್ ಒಂದರಲ್ಲಿ ರಾತ್ರಿ ಕಳೆದೆವು. ಅಪ್ಪಯ್ಯ ನನ್ನನ್ನು ಬೈಯಲಿಲ್ಲ. ಮಲಗುವ ಮುಂಚೆ, ಲೈಸೆನ್ಸ್ ಆದ ಮೊದಲ ವರ್ಷ ತಾನು ಏಳನೆಯ ತಿರುವಿನಲ್ಲಿ ಬಸ್ಸನ್ನು ಚರಂಡಿಗೆ ಇಳಿಸಿದ್ದನ್ನು ಹೇಳಿದರು. ಅವರ ಮನೆಯಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಅಂದೇ ಮೊದಲು ಕೇಳಿದ್ದು. ನಿನಗೆ ಗೊತ್ತಿತ್ತೇ?

ಮರುದಿನ ಬಿಸಿಲು ಬಂದಿತ್ತು. ಹೋಟನ್ ಹಿಮಶಿಲ್ಪಗಳ ವಿಷಯವನ್ನು ನಾನು ಹೆಚ್ಚು ಬರೆಯುವುದಿಲ್ಲ, ನಿನ್ನ ಮಗ ಫೋಟೊ ಕಳಿಸುತ್ತಾನೆ. ಅಪ್ಪಯ್ಯನಿಗೆ ಅವುಗಳಿಗಿಂತ ಅಲ್ಲಿನ ಮನೆಗಳು ಹಿಡಿಸಿದವು. ಕಡಿದಾದ ಮಾಡುಗಳು, ಬಾಗಿಲಿನಿಂದ ಬೀದಿಯವರೆಗೆ ಮರದ ಚಪ್ಪರ, ಮಾಡಿನ ಹಿಮ ಎಳೆಯಲು ಉದ್ದ ಕೋಲಿನ ಹಲುಬೆ: ಮಳೆಗಾಲಕ್ಕೆ ಮುಂಚೆ ನಾವು ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದಿಲ್ಲವೇ, ಹಾಗೇ ಎಂದು ಒಂದೊಂದನ್ನೂ ನಿಂತು ನೋಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ತಾಮ್ರದ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಕೆಲಸಗಾರರು ಬಿಟ್ಟುಹೋದ ಪ್ಯಾಸ್ಟಿ ಎಂಬ ತಿಂಡಿ ಅಲ್ಲಿ ಪ್ರಸಿದ್ಧ. ಮಾಂಸವಿಲ್ಲದ, ತರಕಾರಿ ತುಂಬಿದ್ದನ್ನು ಹುಡುಕಿ ಕೊಡಿಸಿದೆವು. ‘ಕರ್ಜಿಕಾಯಿಗೆ ಬೆಲ್ಲದ ಬದಲು ಆಲೂಗಡ್ಡೆ ತುಂಬಿದ್ದಾರೆ’ ಎಂದು ಅಮ್ಮ ತೀರ್ಪು ಕೊಟ್ಟು, ಮಿಡಿ ಉಪ್ಪಿನಕಾಯಿ ಹಚ್ಚಿಕೊಂಡು ಪೂರ್ತಿ ತಿಂದಳು.

ಅಲ್ಲಿಂದ ಇನ್ನೂ ಈಶಾನ್ಯಕ್ಕೆ ಹೋದರೆ ಹೆದ್ದಾರಿಯ ಪಕ್ಕದಲ್ಲಿ ಹಿಮದ ಅಳತೆಯ ದೊಡ್ಡ ಕಂಬವೊಂದಿದೆ. 1978-79ರ ಚಳಿಗಾಲದಲ್ಲಿ ಬಿದ್ದ 390.4 ಇಂಚಿನ ಗುರುತು ಅದರ ತುದಿಯಲ್ಲಿದೆ. ಹತ್ತಿರ ಹತ್ತಿರ ಮೂವತ್ತೆರಡೂವರೆ ಅಡಿ. ಕೆನಡಾದ ಕಡೆಯಿಂದ ಬರುವ ಒಣ ಚಳಿಗಾಳಿ ಇನ್ನೂ ಹೆಪ್ಪುಗಟ್ಟದ ಸುಪೀರಿಯರ್ ಸರೋವರದ ಮೇಲೆ ಹಾದು, ನೀರಿನ ಬಿಸುಪು ಮತ್ತು ತೇವವನ್ನು ಹೊತ್ತುಕೊಂಡು, ಈಚೆಯ ದಡದ ಗುಡ್ಡಗಳಿಗೆ ಏರುತ್ತಲೇ ಎಲ್ಲವನ್ನೂ ಹಿಮವಾಗಿ ಇಳಿಸುತ್ತದೆ. ಅರಬ್ಬೀ ಸಮುದ್ರದ ಮೋಡ ಆಗುಂಬೆಯ ಗೋಡೆಗೆ ಬಂದು ಬೀಳುವಂತೆಯೇ ಎಂದು ನಾನು ವಿವರಿಸಿದೆ. ಅಪ್ಪಯ್ಯ ಕತ್ತೆತ್ತಿ ಕಂಬದ ತುದಿ ನೋಡಿ, ಇದು ಕರಗಿದರೆ ಎಷ್ಟು ನೀರು ಎಂದರು. ಹತ್ತು ಇಂಚು ಹಿಮಕ್ಕೆ ಒಂದು ಇಂಚು ನೀರು ಎಂಬುದು ಒರಟು ಲೆಕ್ಕ, ಇಲ್ಲಿಯ ಹಗುರ ಹಿಮಕ್ಕೆ ಅದೂ ಹೆಚ್ಚು ಎಂದೆ. ‘ಹಾಗಾದರೆ ಮೂವತ್ತೊಂಬತ್ತು. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಮುನ್ನೂರು ಇಂಚು, ಅದೂ ಅಸಲಿ ನೀರು’ ಎಂದು ಮೀಸೆಯ ಮೇಲಿನ ಹಿಮ ಒರೆಸಿಕೊಂಡರು. ಆಗುಂಬೆಯ ಸರಾಸರಿ ಏಳೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿದ್ದು, ಲೆಕ್ಕ ಸರಿಯಾಗಿಯೇ ಇತ್ತು.

ಮರಳಿ ಬರುವಾಗ ಸೀನಿಯ ದಾರಿ ಶುಭ್ರವಾಗಿತ್ತು, ಅಪ್ಪಯ್ಯ ನಿದ್ದೆ ಮಾಡಿದರು. ಅವರು ನನ್ನ ಪಕ್ಕದಲ್ಲಿ ನಿದ್ದೆ ಮಾಡಿದ್ದು ಅದೊಂದೇ ಸಲ. ಆಮೇಲೆ ಪ್ರತಿ ಚಳಿಗಾಲವೂ ನಾವು ಆ ಕಡೆಗೆ ಒಂದು ಸುತ್ತು ಹೋಗುತ್ತ ಬಂದೆವು. ಅವರು ತೀರಿಕೊಂಡ ವರ್ಷವೊಂದನ್ನು ಬಿಟ್ಟು. ಈಗ ಮಗಳೇ ಓಡಿಸುತ್ತಾಳೆ. ಹಿಮ ತೂರಿದಾಗ ಹೈ ಬೀಮ್ ಹಾಕುವ ಗೆಳತಿಯರಿಗೆ ‘ಅಂಚು ನೋಡಿ’ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾಳಂತೆ. ಪಕ್ಕದ ಸೀಟಿನಲ್ಲಿ ನನ್ನ ಬಲಗಾಲು ಒತ್ತಿಕೊಳ್ಳುವುದನ್ನು ಅವಳು ಕಂಡೂ ಕಾಣದವಳಂತೆ ಇರುತ್ತಾಳೆ.

ಇನ್ನು ನಿನ್ನ ಮಗನ ವಿಷಯ. ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಚಳಿಗಾಲದ ಟೈರು ಹಾಕಿಸಲಿ. ಏಳು ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರು ಗಡುಸಾಗುತ್ತ ಹೋಗಿ ಹಿಡಿತ ಬಿಡುತ್ತದೆ, ಇದರದು ಮೆತ್ತಗೇ ಉಳಿಯುತ್ತದೆ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಗಾಡಿ ಎಂದು ಮಾರುವವನು ಹೊಗಳಿದರೆ, ಅದು ಹೊರಡಲು ಮಾತ್ರ ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ ಎಂದು ತಿಳಿದಿರಲಿ. ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಇಳಿಯದಿರಲಿ. ಸೇತುವೆಗಳ ಮೇಲೆ ಮೇಲೂ ಕೆಳಗೂ ಚಳಿಗಾಳಿ ಆಡುವುದರಿಂದ ಅಲ್ಲಿ ರಸ್ತೆಗಿಂತ ಮೊದಲು ಮಂಜುಗಡ್ಡೆ ಕಟ್ಟುತ್ತದೆ, ಒದ್ದೆ ಡಾಂಬರಿನಂತೆ ಕಪ್ಪಗೆ ಕಾಣುತ್ತದೆ. ಅಲ್ಲಿ ಸ್ಟೀರಿಂಗ್ ತಿರುಗಿಸುವುದೂ ಬೇಡ, ಬ್ರೇಕೂ ಬೇಡ. ಡಿಕ್ಕಿಯಲ್ಲಿ ಸಲಿಕೆ ಇರಲಿ. ಅವನು ಬಂದ ಮೊದಲ ನವೆಂಬರಿನಲ್ಲಿ ನಾನೇ ಅಲ್ಲಿಗೆ ಹೋಗಿ, ಖಾಲಿ ಪಾರ್ಕಿಂಗ್ ಜಾಗವೊಂದರಲ್ಲಿ ಅವನಿಗೆ ಬೇಕೆಂದೇ ಕಾರನ್ನು ಜಾರಿಸಿ ಸರಿಪಡಿಸಿಕೊಳ್ಳುವುದನ್ನು ಕಲಿಸುತ್ತೇನೆ.

ಒಂದು ಬೇಡಿಕೆ ಇದೆ. ಅಪ್ಪಯ್ಯನ ಎರಡು ಕಂಬಳಿಗಳಲ್ಲಿ ಒಂದನ್ನು ಅಮ್ಮ ವಾಪಸ್ ಒಯ್ದಳು; ನನ್ನ ಡಿಕ್ಕಿಯಲ್ಲಿ ಉಳಿದದ್ದಕ್ಕೆ ಕಳೆದ ಬೇಸಿಗೆಯಲ್ಲಿ ನುಸಿ ಹಿಡಿದು ಜರಡಿಯಾಗಿದೆ. ಮಗನ ಸೂಟ್‌ಕೇಸಿನಲ್ಲಿ ಎರಡು ಕರಿ ಕಂಬಳಿ ಕಳಿಸು, ಒಂದು ಅವನಿಗೆ, ಇನ್ನೊಂದು ನನಗೆ. ಭಾರ ಹೆಚ್ಚಾಯಿತು, ಕಂಪು ಬರುತ್ತದೆ ಎಂದು ಹುಡುಗ ತಕರಾರು ತೆಗೆಯುತ್ತಾನೆ. ತೆಗೆಯಲಿ, ನೀನು ಕೇಳಬೇಡ.

ಅಮ್ಮನನ್ನು ಆಗಾಗ ಮಾತಾಡಿಸುತ್ತಿರು. ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ.

ಇಂತಿ ನಿನ್ನ
ಗೆಳೆಯ